ಮಹಡಿ ಮೇಲೆ ಸ್ಟೂಲುಗಳು, ಕೆಳಗೆ ನಿಂತ ನಾವು

ಕಾರ್ಮಿಕ ಇಲಾಖೆಯ ಮಾನ್ಯ ಸಂಧಾನಾಧಿಕಾರಿಗಳೇ,

ನಾವು ಕೇಳಿದ್ದು ಕೂರಲು ಸ್ಟೂಲು. ನಮ್ಮ ಮಾಲೀಕರು ಅದನ್ನು ಕೊಡಲು ಒಪ್ಪಿದ್ದಾರೆ. ಒಪ್ಪಿದ್ದಷ್ಟೇ ಅಲ್ಲ, ತರಿಸಿಯೂ ಇಟ್ಟಿದ್ದಾರೆ. ಆದರೂ ನಾವು ನಿಂತೇ ಇದ್ದೇವೆ, ಏಕೆಂದರೆ ಅವರಿಗೂ ನಮಗೂ ನಡುವೆ ತಾವು ಸಂಧಾನ ಮಾಡಿಸುತ್ತಿದ್ದೀರಿ. ಇದೇ ನನ್ನ ದೂರು. ಓದಿದವರು ನಕ್ಕರೆ ನನಗೇನೂ ಬೇಸರವಿಲ್ಲ, ನಮ್ಮ ಮನೆಯಲ್ಲೂ ನಕ್ಕಿದ್ದಾರೆ.

ನನ್ನ ಪರಿಚಯ ನಿಮಗಿದೆ, ಪತ್ರಿಕೆ ಓದುವವರಿಗಿಲ್ಲ. ನಾನು ಗೋದಾ. ಗಾಂಧಿ ಬಜಾರಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಬಂದವರಿಗೆ ಸೀರೆ ತೋರಿಸುವುದು ನನ್ನ ಕೆಲಸ. ತ್ಯಾಗರಾಜನಗರದ ಮನೆಯಿಂದ ಅಂಗಡಿಗೆ ನಡೆದೇ ಹೋಗುತ್ತೇನೆ. ಮೊದಲು ಅದು ವ್ಯಾಯಾಮವಾಗಿತ್ತು, ಈಗ ಶಿಕ್ಷೆ. ಕಾಲಿನ ನರಗಳು ಉಬ್ಬಿ ನೀಲಿಗಟ್ಟಿವೆ. ಡಾಕ್ಟರು ಮುಟ್ಟಿ ನೋಡಿ, "ಜಾಸ್ತಿ ಹೊತ್ತು ನಿಲ್ಲಬೇಡಿ ಅಮ್ಮ" ಎಂದರು. ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದ ಮೇಲೆ ಮಾತ್ರೆ ಬರೆದುಕೊಟ್ಟರು. ನನ್ನ ಗಂಡ ಶ್ರೀಹರಿ ರಿಟೈರಾದ ಮೇಷ್ಟ್ರು. ಮಲಗುವಾಗ ನನ್ನ ಕಾಲಿನ ಕೆಳಗೆ ದಿಂಬು ಇಡುತ್ತಾ, "ಜನ ಸಂಬಳಕ್ಕೆ ಜಗಳ ಆಡ್ತಾರೆ, ಬೋನಸ್ಸಿಗೆ ಆಡ್ತಾರೆ. ಕೂರೋದಕ್ಕೆ ಕೇಸ್ ಹಾಕಿದೋಳು ಬೆಂಗಳೂರಲ್ಲಿ ನೀನೊಬ್ಬಳೇ ಕಣೆ" ಎಂದು ನಕ್ಕರು. ದಿಂಬನ್ನು ಮಾತ್ರ ದಿನವೂ ತಪ್ಪದೆ ಇಡುತ್ತಾರೆ.

ಕಾರ್ಮಿಕರಿಗೂ ಮಾಲೀಕರಿಗೂ ವಿವಾದ ಏಕೆ ಹುಟ್ಟುತ್ತದೆ ಎಂದು ಮೊದಲ ದಿನ ತಾವು ನಮಗೆ ಒಂದು ಸಣ್ಣ ಭಾಷಣವನ್ನೇ ಮಾಡಿದಿರಿ. "ಪರಸ್ಪರ ಸಂವಹನದ ಕೊರತೆ" ಎಂದಿರಿ. ಸ್ವಾಮಿ, ನಮ್ಮ ಅಂಗಡಿಯಲ್ಲಿ ಸಂವಹನಕ್ಕೆ ಏನು ಕೊರತೆ? ಮಾಲೀಕರಾದ ಚಿದಂಬರ ಅವರ ತಾಯಿಯ ಮಂಡಿನೋವಿಗೆ ಯಾವ ಎಣ್ಣೆ ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಬಂದದ್ದು ಚಿದಂಬರ ಅವರಿಗೆ ಗೊತ್ತು. ಅವರ ಮನೆಯ ಗೃಹಪ್ರವೇಶದಲ್ಲಿ ನಾವು ಹೆಂಗಸರೆಲ್ಲ ಸೇರಿ ರಂಗೋಲಿ ಹಾಕಿದ್ದೇವೆ. ಇಷ್ಟು ಬಾಯ್ತುಂಬ ಮಾತಾಡುವ ಜನರ ನಡುವೆ ವಿವಾದ ಹುಟ್ಟಿದ್ದು ಮಾತಿಲ್ಲದೆ ಅಲ್ಲ, ಗಾದಿ ಇಲ್ಲದೆ.

ಗಾದಿಯ ವಿಷಯವನ್ನು ನಿಮ್ಮ ಮುಂದೆ ಹೇಳಲು ಎರಡು ಸಲ ಪ್ರಯತ್ನಿಸಿದೆ. "ಹಳೇ ಕಥೆ ಬೇಡ, ಪಾಯಿಂಟಿಗೆ ಬನ್ನಿ" ಎಂದಿರಿ. ಪಾಯಿಂಟು ಅದೇ ಆಗಿತ್ತು. ಕಾಟನ್‌ಪೇಟೆಯ ಸಗಟು ವ್ಯಾಪಾರದಿಂದ ಬಂದ ಮನೆತನ ಅವರದು. ಬಸವನಗುಡಿಗೆ ಬಂದು ಅಂಗಡಿ ತೆರೆದಾಗಲೂ ಪೇಟೆಯ ಪದ್ಧತಿಯನ್ನೇ ತಂದಿದ್ದರು. ಅಂಗಡಿಯ ಉದ್ದಕ್ಕೂ ನೆಲದ ಮೇಲೆ ಗಾದಿ, ಅದರ ಮೇಲೆ ಒಗೆದ ಬಿಳಿ ಬಟ್ಟೆ. ಬಂದವರು ಚಪ್ಪಲಿ ಬಿಟ್ಟು ಕೂರುತ್ತಿದ್ದರು. ನಾವು ಎದುರಿಗೆ ಕೂತು ಸೀರೆ ಬಿಡಿಸಿ ಹಾಸುತ್ತಿದ್ದೆವು. ಮಾಲೀಕರು ಮೂಲೆಯಲ್ಲಿ ಲೋಡಿಗೆ ಒರಗಿ ಕೂತಿರುತ್ತಿದ್ದರು. ಮದುವೆ ಜವಳಿಗೆ ಬಂದ ಮನೆಯವರು ಅರ್ಧ ದಿನ ಕೂತು, ಕಾಫಿ ಕುಡಿದು, ಬೀಗರ ಮೇಲೆ ನಾಲ್ಕು ಮಾತಾಡಿ, ಕೊನೆಗೆ ಮೊದಲು ನೋಡಿದ ಸೀರೆಯನ್ನೇ ತೆಗೆದುಕೊಂಡು ಹೋಗುತ್ತಿದ್ದರು. ಕೊಳ್ಳುವವರು, ಮಾರುವವರು, ಮಾಲೀಕರು ಎಲ್ಲರೂ ಒಂದೇ ಎತ್ತರದಲ್ಲಿದ್ದೆವು. ಆಗ ನನ್ನ ಕಾಲು ನನಗೆ ನೆನಪೇ ಆಗುತ್ತಿರಲಿಲ್ಲ.

ಆಮೇಲೆ ಅಂಗಡಿಯನ್ನು ಹೊಸದಾಗಿ ಮಾಡಿಸಿದರು. ಗಾಜಿನ ಕೌಂಟರು, ಕಣ್ಣು ಕುಕ್ಕುವ ದೀಪ, ಎ.ಸಿ. ಗಿರಾಕಿಗಳಿಗೆ ಮೆತ್ತನೆಯ ಕುರ್ಚಿ. ಒಂದು ಮಧ್ಯಾಹ್ನ ಗಾದಿಯನ್ನು ಸುತ್ತಿ ಆಟೋದಲ್ಲಿ ಹಾಕಿ ಕಳಿಸಿದರು. ನಾವು ಊಟದ ಡಬ್ಬಿ ತೊಳೆದುಕೊಂಡು ಬರುವಷ್ಟರಲ್ಲಿ ನಮ್ಮ ಕೂರುವ ಜಾಗ ಹೋಗಿತ್ತು. ಅದು ನಮ್ಮದು ಎಂದು ನಮಗೆ ಆವರೆಗೆ ಅನ್ನಿಸಿಯೇ ಇರಲಿಲ್ಲ, ಅದು ನಮ್ಮದೂ ಆಗಿತ್ತು ಎಂದು ಮಾಲೀಕರಿಗೆ ಇವತ್ತಿಗೂ ಅನ್ನಿಸಿಲ್ಲ. ವಿವಾದದ ಕಾರಣ ಎಂದರೆ ಇಷ್ಟೇ. ಇದನ್ನು ಬರೆದುಕೊಳ್ಳಲು ನಿಮ್ಮ ಕಡತದಲ್ಲಿ ಜಾಗವಿರಲಿಲ್ಲ. ಸಂಬಳ, ಬೋನಸ್, ವಜಾ ಎಂಬ ಬಗೆಗಳಲ್ಲಿ ಯಾವುದಕ್ಕೂ ಹೊಂದದ ನಮ್ಮ ಕಾಲುಗಳನ್ನು ನಿಮ್ಮ ಗುಮಾಸ್ತರು "ಇತರೆ" ಎಂಬಲ್ಲಿ ಸೇರಿಸಿದರು.

ಗಾದಿ ಹೋದ ಮೇಲೆ ನಾವು ಒಂದು ಸ್ಟೂಲು ಕೇಳಿದೆವು. ಗಿರಾಕಿ ಇಲ್ಲದಿದ್ದಾಗ ಸ್ವಲ್ಪ ಹೊತ್ತು ಕೂರುತ್ತೇವೆ, ಯಾರಾದರೂ ಬಂದ ಕೂಡಲೇ ಏಳುತ್ತೇವೆ ಎಂದೆವು. ಚಿದಂಬರ ಅವರು ಮುಖ ಹಿಂಡಿದರು. "ಸ್ಟಾಫ್ ಕೂತಿದ್ರೆ ಅಂಗಡಿ ಡಲ್ ಹೊಡೆಯುತ್ತೆ ಗೋದಮ್ಮ. ಹೊರಗಿಂದ ನೋಡೋರಿಗೆ ವ್ಯಾಪಾರ ಇಲ್ಲ ಅನ್ಸುತ್ತೆ" ಎಂದರು. ಅವರೇ ದಶಕಗಳ ಕಾಲ ಲೋಡಿಗೆ ಒರಗಿ ಕೂತಾಗ ವ್ಯಾಪಾರ ಎಲ್ಲಿ ಡಲ್ ಹೊಡೆದಿತ್ತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಮಧುರಾ ಕೂತಳು. ಮಧುರಾ ನನ್ನ ಪಕ್ಕದ ಕೌಂಟರಿನಲ್ಲಿ ಕೆಲಸ ಮಾಡುವ ಹುಡುಗಿ, ಆಗ ಐದು ತಿಂಗಳ ಬಸುರಿ. ಸೀರೆ ಪೆಟ್ಟಿಗೆಗಳ ಒಂದು ಸಣ್ಣ ಅಟ್ಟಿಯ ಮೇಲೆ, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೂತಿದ್ದಳು. ಅದು ಕ್ಯಾಮೆರಾದಲ್ಲಿ ಕಂಡಿತು. ಸೂಪರ್‌ವೈಸರ್ ವರದರಾಜ ಸಂಜೆಯೇ ಮೆಮೋ ಕೊಟ್ಟರು: ಕರ್ತವ್ಯದ ವೇಳೆಯಲ್ಲಿ ಕುಳಿತಿದ್ದೇಕೆ, ಕಾರಣ ತಿಳಿಸಿ. ಮಧುರಾ ಅದನ್ನು ಕೈಯಲ್ಲಿ ಹಿಡಿದುಕೊಂಡು, "ಅಕ್ಕಾ, ಇದಕ್ಕೆ ಏನಂತ ಬರೀಲಿ? ಕಾಲು ನೋವು ಅಂತ ಬರೆದ್ರೆ ಸಾಕಾ?" ಎಂದು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಅವಳ ಪರವಾಗಿ ನಾನೇ ಕೂತು ಬರೆದೆ. ಬರೆದದ್ದನ್ನು ವರದರಾಜರಿಗೆ ಕೊಡದೆ ಎಲ್ಲ ಹೆಂಗಸರ ಸಹಿ ಹಾಕಿಸಿ ನಿಮ್ಮ ಕಚೇರಿಗೆ ಕೊಟ್ಟೆ. ಸಂಧಾನ ಎಂಬ ಶಬ್ದದ ಮೇಲೆ ಆಗ ನನಗೆ ತುಂಬ ಗೌರವವಿತ್ತು.

ನಿಮ್ಮ ಕೋಣೆಯಲ್ಲಿ ಒಂದು ದಿನ ನಡೆದದ್ದನ್ನು ನೆನಪಿಸುತ್ತೇನೆ. ನವರಾತ್ರಿ ಕಳೆದ ಮೇಲಿನ ವಿಚಾರಣೆಯ ವಾಯಿದೆ. ನಿಮ್ಮ ಮೇಜಿನ ಮುಂದೆ ಎರಡೇ ಕುರ್ಚಿಗಳಿದ್ದವು. ಒಂದರಲ್ಲಿ ಚಿದಂಬರ ಅವರು ಕೂತರು, ಇನ್ನೊಂದರಲ್ಲಿ ಅವರ ಲಾಯರ್. ನಾವು ಅರ್ಜಿದಾರರು ಗೋಡೆಗೆ ಒರಗಿ ನಿಂತೆವು. ತಾವು ತಲೆಯೆತ್ತಿ ಮಧುರಾಳ ಹೊಟ್ಟೆ ನೋಡಿದಿರಿ. "ಅಯ್ಯೋ, ನೀವ್ಯಾಕಮ್ಮ ನಿಂತಿದೀರಿ?" ಎಂದು ಗುಮಾಸ್ತರ ಕುರ್ಚಿಯನ್ನು ಸ್ವತಃ ಎಳೆದು ತಂದು ಕೂರಿಸಿದಿರಿ. ಫ್ಯಾನನ್ನೂ ಅವಳ ಕಡೆ ತಿರುಗಿಸಿದಿರಿ. ನಿಮ್ಮ ಒಳ್ಳೆಯತನದ ಬಗ್ಗೆ ನನಗೆ ಆ ದಿನದಿಂದ ಸಂಶಯವಿಲ್ಲ. ಆದರೆ ಒಂದು ಪ್ರಶ್ನೆ ಇದೆ. ಕುರ್ಚಿ ಎಳೆದು ತರುವ ಮುಂಚೆ ತಾವು ಯಾವ ಲಾಯರನ್ನು ಕೇಳಿದಿರಿ? ಯಾವ ವಾಯಿದೆ ಹಾಕಿದಿರಿ? ಒಬ್ಬ ಬಸುರಿ ನಿಂತಿದ್ದಳು, ಕುರ್ಚಿ ಕೊಟ್ಟಿರಿ, ಮುಗಿಯಿತು. ಅಂಗಡಿಯ ವಿವಾದವೂ ಅದೇ ತಾನೇ? ನಿಮ್ಮ ಕೋಣೆಯಲ್ಲಿ ಬಗೆಹರಿದದ್ದು ನಿಮ್ಮ ಕಡತದಲ್ಲಿ ಮಾತ್ರ ಏಕೆ ಬಗೆಹರಿಯಲಿಲ್ಲ? ಆ ದಿನ ಮಧುರಾ ಕೂತೇ ಇದ್ದಳು, ತಾವು ಮುಂದಿನ ತಾರೀಖು ಬರೆದಿರಿ.

ಇನ್ನು ನಮ್ಮ ಕಡೆಯ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಪ್ರತಿ ವಾಯಿದೆಗೂ ನಾವು ನಿಮ್ಮ ಕಚೇರಿಗೆ ಬರುವುದು ಚಿದಂಬರ ಅವರ ಕಾರಿನಲ್ಲಿ. ವಾದಿ ಪ್ರತಿವಾದಿ ಇಬ್ಬರೂ ಒಂದೇ ಗಾಡಿಯಲ್ಲಿ! ಮೊದಲ ಸಲ ನಾವು ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಅವರು ಕಾರು ನಿಲ್ಲಿಸಿ, "ಒಂದೇ ಕಡೆ ಹೋಗ್ತಿದೀವಿ, ಬನ್ನಿ ಬನ್ನಿ, ಮಧುರಾ ಮುಂದೆ ಕೂತ್ಕೊಳ್ಳಮ್ಮ" ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗಿ ಖಾಲಿ ದೋಸೆ ಕೊಡಿಸಿದರು. ಅಲ್ಲಿಯೂ ಕೂರುವ ಜಾಗವಿರಲಿಲ್ಲ, ಅದು ಬೇರೆ ಮಾತು. ಮಾಲೀಕರ ಎದುರು ನಾವು ಕೂರಬಹುದಾದ ಒಂದೇ ಸ್ಥಳ ಅವರ ಕಾರು ಎಂದು ನಾನು ತಮಾಷೆ ಮಾಡಿದೆ. ಅವರೂ ನಕ್ಕರು. ಹೀಗೆ ದೋಸೆ ತಿಂದು, ನಕ್ಕು, ನಿಮ್ಮ ಮುಂದೆ ಬಂದು ನಿಂತಾಗ ತಾವು, "ರಾಜಿಗೆ ಇನ್ನೊಂದು ಅವಕಾಶ ಕೊಡೋಣ, ಇಬ್ರೂ ಒಪ್ಪಿಗೆ ಅಂತ ಸಹಿ ಹಾಕಿ" ಎನ್ನುತ್ತೀರಿ. ಈಗ ತಾನೇ ಅವರ ದುಡ್ಡಿನ ದೋಸೆ ತಿಂದ ಕೈ ಆಗುವುದಿಲ್ಲ ಎಂದು ಹೇಗೆ ಹೇಳೀತು? ಸಹಿ ಹಾಕುತ್ತೇವೆ. ಸಂಧಾನದ ಕಾಲಾವಧಿ ಮುಂದಕ್ಕೆ ಹೋಗುತ್ತದೆ. ಅದೇ ಕಾರಿನಲ್ಲಿ ವಾಪಸ್ ಬಂದು, ಅದೇ ಕೌಂಟರಿನ ಹಿಂದೆ ನಿಲ್ಲುತ್ತೇವೆ. ಇದು ಚಿದಂಬರ ಅವರ ಉಪಾಯವೋ ಸ್ವಭಾವವೋ ನನಗೆ ಇಂದಿಗೂ ತಿಳಿದಿಲ್ಲ. ನಮ್ಮ ಬಸವನಗುಡಿಯ ದಾಕ್ಷಿಣ್ಯಕ್ಕೆ ಮಾತ್ರ ಯಾವ ಔಷಧಿಯೂ ಇಲ್ಲ.

ಸಂಕ್ರಾಂತಿ ಆದ ಮೇಲೆ ಸ್ಟೂಲುಗಳು ಬಂದವು. ತರಿಸಿದವರು ಚಿದಂಬರ ಅವರ ತಾಯಿ ಸರ್ವಮಂಗಳಮ್ಮನವರು. ನಾನು ಎಳ್ಳು ಬೀರಲು ಹೋದಾಗ ನನ್ನ ಕಾಲು ನೋಡಿ ಮಗನನ್ನು ಕರೆದು, "ಏನೋ ಇದು? ನಿಮ್ಮಪ್ಪ ಇದ್ದಾಗ ಈ ಹೆಣ್ಮಕ್ಕಳು ಯಾವತ್ತಾದ್ರೂ ನಿಂತಿದ್ರೇನೋ?" ಎಂದು ಗದರಿದರು. ಮರುವಾರವೇ ಟೆಂಪೋ ಬಂತು. ಒಳ್ಳೆಯ ಸ್ಟೂಲುಗಳು, ಕಂದು ಬಣ್ಣದ ಮೆತ್ತೆ ಹಾಕಿದವು. ನಾವು ಇನ್ನೇನು ಪ್ಲಾಸ್ಟಿಕ್ ಹರಿಯಬೇಕು, ಲಾಯರ್ ಫೋನ್ ಮಾಡಿದರು. ಸಂಧಾನ ನಡೆಯುತ್ತಿರುವಾಗ ಕೆಲಸದ ಷರತ್ತುಗಳನ್ನು ಬದಲಾಯಿಸುವಂತಿಲ್ಲವಂತೆ. ಈಗ ಕೊಟ್ಟರೆ ಇಷ್ಟು ದಿನ ಕೊಡದೆ ಇದ್ದದ್ದು ತಪ್ಪು ಎಂದು ಒಪ್ಪಿಕೊಂಡ ಹಾಗಂತೆ. ಮುಂದಿನ ವಾಯಿದೆಯಲ್ಲಿ ಚಿದಂಬರ ಅವರು ನಿಮ್ಮನ್ನೇ ಕೇಳಿದರು. "ಸಾರ್, ಸ್ಟೂಲ್ ತರಿಸಿದೀನಿ, ಕೊಟ್ಬಿಡ್ಲಾ?" ತಾವು ಪೆನ್ನು ಮುಚ್ಚಿ, "ಸದ್ಯಕ್ಕೆ ಯಥಾಸ್ಥಿತಿ ಕಾಪಾಡಿ" ಎಂದಿರಿ.

ಆ ನಿಯಮ ಇರುವುದು ವಿವಾದ ನಡೆಯುವಾಗ ಮಾಲೀಕರು ಕಾರ್ಮಿಕರಿಗೆ ತೊಂದರೆ ಕೊಡಬಾರದು ಎಂದಲ್ಲವೇ? ಸಂಬಳ ಇಳಿಸಬಾರದು, ಕೆಲಸದಿಂದ ತೆಗೆಯಬಾರದು ಎಂದಲ್ಲವೇ? ಕೂರಿಸಬಾರದು ಎಂದು ಅದರಲ್ಲಿ ಎಲ್ಲಿದೆ? ನಮ್ಮನ್ನು ಕಾಯಲು ಕಟ್ಟಿದ ಬೇಲಿಯೊಳಗೆ ನಮ್ಮನ್ನೇ ನಿಲ್ಲಿಸಿ ಬಾಗಿಲು ಹಾಕಿದಿರಿ. ಸ್ಟೂಲುಗಳು ಮಹಡಿ ಮೇಲಿನ ಸ್ಟೋರ್ ರೂಮಿನಲ್ಲಿ ಒಂದರ ಮೇಲೊಂದು ಕೂತಿವೆ. ಸ್ಟಾಕು ತರಲು ಹೋದಾಗ ನಾನು ಒಮ್ಮೆ ಪ್ಲಾಸ್ಟಿಕ್ ಸಮೇತ ಕೂತು ನೋಡಿದೆ. ಎತ್ತರ ಸರಿಯಾಗಿದೆ. ಬೇಕಾದರೆ ಇದನ್ನು ಯಥಾಸ್ಥಿತಿಯ ಉಲ್ಲಂಘನೆ ಎಂದು ದಾಖಲಿಸಿಕೊಳ್ಳಿ, ನನ್ನ ಆಕ್ಷೇಪಣೆ ಇಲ್ಲ.

ಹಾಗಿದ್ದರೆ ಒಪ್ಪಂದವನ್ನು ಬರೆದು ಮುಗಿಸಿ ಎನ್ನುತ್ತೀರಾ? ಮಾಲೀಕರು ಬರೆದುಕೊಡುವುದಿಲ್ಲ. ಒಮ್ಮೆ ಬರೆದುಕೊಟ್ಟರೆ ಕಾಟನ್‌ಪೇಟೆಯಲ್ಲಿರುವ ಅವರ ಅಣ್ಣ ತಮ್ಮಂದಿರ ಅಂಗಡಿಗಳಲ್ಲೂ ಕೇಳುತ್ತಾರೆ, ಆಮೇಲೆ ಬಜಾರಿನ ಎಲ್ಲರೂ ಅವರನ್ನು ಬೈಯುತ್ತಾರೆ. ಅವರು ಹೇಳುವುದು ಬೇರೆ. "ಗೋದಮ್ಮ, ನೀವು ಅರ್ಜಿ ವಾಪಸ್ ತಗೊಳ್ಳಿ. ಮಾರನೇ ದಿನ ನಾನೇ ಸ್ಟೂಲ್ ಇಳಿಸ್ತೀನಿ. ನನ್ನ ಮಾತು ಸಾಕಲ್ವಾ?" ಅವರ ಮಾತು ಸುಳ್ಳಲ್ಲ, ಅದು ನನಗೆ ಗೊತ್ತು. ಮಾರನೇ ದಿನ ಸ್ಟೂಲು ಇಳಿಯುತ್ತದೆ. ಆದರೆ ಗಾದಿಯೂ ಹೀಗೆಯೇ ಮಾತಿನ ಮೇಲೆ, ಪ್ರೀತಿಯ ಮೇಲೆ ಹಾಸಿದ್ದಾಗಿತ್ತು. ಅದನ್ನು ಸುತ್ತುವ ದಿನ ಯಾರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ. ದೊಡ್ಡ ಮನಸ್ಸಿನಿಂದ ಕೊಟ್ಟದ್ದನ್ನು ಮನಸ್ಸು ಬದಲಾದಾಗ ತೆಗೆದುಕೊಳ್ಳಬಹುದು. ನಾವು ಅರ್ಜಿ ವಾಪಸ್ ತೆಗೆದುಕೊಂಡರೆ ಮಧುರಾಳ ಮೆಮೋ ಮಾತ್ರ ಉಳಿಯುತ್ತದೆ: ಈಕೆ ಒಂದು ದಿನ ಕೂತಿದ್ದಳು ಎಂದು. ಮಾಲೀಕರನ್ನು ದ್ವೇಷಿಸುವ ಕಾರ್ಮಿಕರಿಗೆ ಹೋರಾಟ ಸುಲಭ. ಮಾಲೀಕರ ತಾಯಿಯ ಕೈಯಿಂದ ಎಳ್ಳು ಬೆಲ್ಲ ತಿಂದವರು ಏನು ಮಾಡಬೇಕು? ನಿಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದಾರೆಯೇ?

ಮುಷ್ಕರ ಹೂಡೋಣ ಎಂದರೆ, ಸಂಧಾನ ನಡೆಯುವಾಗ ಕೆಲಸ ನಿಲ್ಲಿಸುವಂತಿಲ್ಲ ಎಂದು ತಾವೇ ಎಚ್ಚರಿಸಿದಿರಿ. ಮೇಲಿನ ನ್ಯಾಯಮಂಡಳಿಗೆ ಹೋಗೋಣ ಎಂದರೆ, ಸಂಧಾನ ವಿಫಲವಾಯಿತು ಎಂದು ತಾವು ವರದಿ ಬರೆದ ಮೇಲಷ್ಟೇ ಆ ಬಾಗಿಲು ತೆರೆಯುತ್ತದೆ ಎಂದಿರಿ. ಹಾಗಾದರೆ ಬರೆದುಕೊಡಿ ಎಂದು ನಾನು ಯುಗಾದಿಯ ನಂತರ ಕೇಳಿದೆ. ತಮ್ಮ ಮುಖದಲ್ಲಿ ಮೊದಲ ಬಾರಿಗೆ ನೋವು ಕಂಡಿತು. "ಏನಮ್ಮ, ನಾನು ಬಂದ ಮೇಲೆ ಈ ಕಚೇರಿಯಿಂದ ಒಂದೇ ಒಂದು ವಿಫಲ ವರದಿ ಹೋಗಿಲ್ಲ. ಎಲ್ಲಾ ಮಾತುಕತೆ ಹಂತದಲ್ಲೇ ಇವೆ" ಎಂದಿರಿ. ಅದನ್ನು ತಾವು ಹೆಮ್ಮೆಯಿಂದ ಹೇಳಿದಿರಿ. ನಿಮ್ಮ ಕಪಾಟುಗಳನ್ನು ನೋಡಿದೆ. ಅಷ್ಟೊಂದು ಕಡತಗಳಲ್ಲಿ ಅಷ್ಟೊಂದು ಜನ ಸೋಲದೆ, ಗೆಲ್ಲದೆ ನಿಂತಿದ್ದಾರೆ ಎಂದು ಅನ್ನಿಸಿತು. ಬಗೆಹರಿಸುವುದು ಬೇರೆ, ಬಗೆಹರಿಯದಂತೆ ಜೋಪಾನ ಮಾಡುವುದು ಬೇರೆ. ನಮ್ಮ ಜಗಳವನ್ನು ತಾವು ಉಪ್ಪಿನಕಾಯಿ ಹಾಕಿಟ್ಟ ಹಾಗೆ ಕೆಡದಂತೆ ಇಟ್ಟುಕೊಂಡಿದ್ದೀರಿ.

ಈಗ ಮಧುರಾಳ ವಿಷಯ. ಅವಳಿಗೆ ಡಿಸೆಂಬರಿನಲ್ಲಿ ಹೆರಿಗೆಯಾಯಿತು, ಆಪರೇಷನ್ ಆಗಿ. ಹೆಣ್ಣುಮಗು. ಹೆರಿಗೆ ರಜೆ ಮುಗಿದ ಮೇಲೂ ಸೊಂಟ ನೋವು ಹೋಗದೆ, ಸಂಬಳವಿಲ್ಲದ ರಜೆ ಹಾಕಿಕೊಂಡಿದ್ದಾಳೆ. ಅದೂ ಈ ಆಷಾಢಕ್ಕೆ ಮುಗಿಯುತ್ತದೆ. ಶ್ರಾವಣದ ಮೊದಲ ವಾರ ಕೆಲಸಕ್ಕೆ ಬರಬೇಕು, ಬರದಿದ್ದರೆ ರಾಜೀನಾಮೆ ಎಂದು ತಿಳಿಯುತ್ತೇವೆ ಎಂದು ವರದರಾಜ ಬರೆದು ಕಳಿಸಿದ್ದಾರೆ. ಶ್ರಾವಣ ಎಂದರೆ ಮತ್ತೆ ವರಮಹಾಲಕ್ಷ್ಮಿ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಜನ ಮುತ್ತುತ್ತಾರೆ, ನೀರು ಕುಡಿಯಲೂ ಬಿಡುವಿರುವುದಿಲ್ಲ. ತಾವು ಹಾಕಿರುವ ಮುಂದಿನ ವಾಯಿದೆ ದೀಪಾವಳಿ ಕಳೆದ ಮೇಲೆ.

ಹೋದ ಭಾನುವಾರ ಶ್ರೀನಗರದ ಅವಳ ಮನೆಗೆ ಹೋಗಿದ್ದೆ. ಮಗು ದಿಂಬಿನ ಆಸರೆಯಿಲ್ಲದೆ ಚಾಪೆಯ ಮೇಲೆ ತಾನೇ ಕೂತಿತ್ತು. ಮೊನ್ನೆಯಿಂದ ಕೂರಲು ಕಲಿತಿದೆಯಂತೆ. ಯಾವ ಮಗು ಹೊಟ್ಟೆಯಲ್ಲಿದ್ದಾಗ ಅದರ ತಾಯಿಗೊಂದು ಸ್ಟೂಲು ಕೊಡಿ ಎಂದು ನಿಮ್ಮ ಬಳಿ ಬಂದಿದ್ದೆವೋ ಅದೇ ಮಗು. ಚಪ್ಪಾಳೆ ತಟ್ಟಿ ನಗಿಸಿದೆ. ಮಧುರಾ ಕಾಫಿ ತಂದುಕೊಟ್ಟು, ಗೋಡೆ ಹಿಡಿದುಕೊಂಡು ನಿಧಾನವಾಗಿ ನನ್ನ ಪಕ್ಕ ಕೂತಳು.

"ಅಕ್ಕಾ, ನೀವೇ ಹೇಳಿ. ಬರ್ಲಾ, ಬೇಡ್ವಾ? ಈಗ ಇಡೀ ದಿನ ನಿಲ್ಲೋಕೆ ನನ್ ಕೈಲಾಗಲ್ಲ. ಬಿಟ್ರೆ ಮನೆ ನಡೆಯಲ್ಲ. ಸ್ಟೂಲ್ ಬಂದಿದೆ ಅಂತಾರೆ, ಕೊಡ್ತಾರಾ?"

"ಕೇಸ್ ನಡೀತಿದೆ ಕಣೆ" ಎಂದೆ. ಅದಕ್ಕಿಂತ ಕೆಟ್ಟ ಉತ್ತರವನ್ನು ನಾನು ಜೀವನದಲ್ಲಿ ಯಾರಿಗೂ ಕೊಟ್ಟಿಲ್ಲ. ಅವಳು ತಲೆಯಾಡಿಸಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ನನಗೆ ನಾಚಿಕೆಯಾಯಿತು. ನಾನು ಆ ದಿನ ಅರ್ಜಿ ಬರೆಯದೆ, ಚಿದಂಬರ ಅವರ ಮನೆಗೆ ಹೋಗಿ ಅತ್ತು ಕರೆದಿದ್ದರೆ ಇಷ್ಟು ಹೊತ್ತಿಗೆ ಅವಳು ಕೂತಿರುತ್ತಿದ್ದಳೇನೋ. ಅರ್ಜಿ ಬರೆದದ್ದೇ ತಪ್ಪಾಯಿತೇ ಎಂದು ನನ್ನಂಥವಳಿಗೆ ಅನ್ನಿಸುವಂತೆ ಮಾಡಿದ್ದೀರಲ್ಲ, ಅದು ನಿಮ್ಮ ಕಚೇರಿಯ ಮೇಲೆ ನನ್ನ ದೊಡ್ಡ ಆರೋಪ. ಕಾನೂನು ಇರುವುದು ಯಾರ ಮುಂದೆಯೂ ಅಳದೆ ಬದುಕಲು ಅಲ್ಲವೇ?

ಆದ್ದರಿಂದ ಸಾರ್ವಜನಿಕವಾಗಿ ಒತ್ತಾಯಿಸುತ್ತೇನೆ. ದಯವಿಟ್ಟು ಸೋಲೊಪ್ಪಿಕೊಳ್ಳಿ. ನಮ್ಮನ್ನು ಗೆಲ್ಲಿಸಿ ಎಂದು ಕೇಳುತ್ತಿಲ್ಲ, ಆ ಆಸೆ ಬಿಟ್ಟಿದ್ದೇನೆ. ಸಂಧಾನ ವಿಫಲವಾಗಿದೆ ಎಂದು ಶ್ರಾವಣ ಶುರುವಾಗುವ ಮುಂಚೆ ಒಂದೇ ಒಂದು ಸಾಲು ಬರೆದು ಸಹಿ ಹಾಕಿ. ಆ ಸಾಲು ಬಿದ್ದರೆ ನಿಮ್ಮ ಯಥಾಸ್ಥಿತಿಯೂ ಬೀಳುತ್ತದೆ. ಚಿದಂಬರ ಅವರು ಸ್ಟೂಲು ಇಳಿಸಬಹುದು, ಇಳಿಸದಿದ್ದರೆ ನಾವು ಕೆಲಸ ನಿಲ್ಲಿಸಬಹುದು ಅಥವಾ ಮೇಲೆ ಹೋಗಬಹುದು. ಏನಾದರೂ ಒಂದು ಆಗುತ್ತದೆ. ಕಾಲಾವಧಿ ಮುಂದೂಡಲು ನಾನು ಇನ್ನು ಸಹಿ ಹಾಕುವುದಿಲ್ಲ, ಯಾರು ಏನು ಕೊಡಿಸಿದರೂ ಹಾಕುವುದಿಲ್ಲ. ಈ ಪತ್ರ ಅಚ್ಚಾದ ಬೆಳಿಗ್ಗೆಯೂ ನಾನು ಅಂಗಡಿಗೆ ಹೋಗಬೇಕು. ಚಿದಂಬರ ಅವರು ಪತ್ರಿಕೆ ಮಡಿಸಿಟ್ಟು ನನ್ನ ಮುಖ ನೋಡುತ್ತಾರೆ. ಬೈದರೆ ಸಹಿಸಬಲ್ಲೆ. ಬೈಯದೆ, "ಕಾಫಿ ಆಯ್ತಾ ಗೋದಮ್ಮ?" ಎಂದು ಕೇಳಿದರೆ ಏನು ಮಾಡುವುದೋ ಗೊತ್ತಿಲ್ಲ.

ಆ ಒಂದು ಸಾಲೂ ತಮ್ಮಿಂದ ಬರೆಯಲಾಗದಿದ್ದರೆ ಇನ್ನೊಂದು ಕೆಲಸ ಮಾಡಿ. ಮಧುರಾಳ ಫೋನ್ ನಂಬರ್ ನಿಮ್ಮ ಕಡತದಲ್ಲಿದೆ. ಅವಳಿಗೆ ತಾವೇ ಫೋನ್ ಮಾಡಿ, ಕೆಲಸಕ್ಕೆ ಬರಬೇಡ ಎಂದು ಹೇಳಿ. ನನ್ನ ಬಾಯಿಂದ ಆ ಮಾತು ಬರುವುದಿಲ್ಲ.

ಇಂತಿ,
ತಮ್ಮ ದಾಖಲೆಯಲ್ಲಿ ಇನ್ನೂ ಮಾತುಕತೆಯ ಹಂತದಲ್ಲಿರುವ
ಗೋದಾ ಶ್ರೀಹರಿ
ತ್ಯಾಗರಾಜನಗರ